ಆ ರಾಕ್ಷಸ ಕಿರುಚಲೇ ಇಲ್ಲ!

ಕೊನೆಯ ಬೆಡ್‌ಶೀಟನ್ನು ಹಿಂಡಿ ಹಗ್ಗಕ್ಕೆ ಹಾಕುವಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಒದ್ದೆ ಕೈಯಲ್ಲೇ ಬಾಗಿಲು ತೆರೆದ ಟೈಲರಮ್ಮನ ಎದೆ ಧಸಕ್ಕೆಂದಿತು!

ಬಾಗಿಲ ತುಂಬಾ ಒಬ್ಬನೇ ಮನುಷ್ಯ. ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬುಗುಟು. ಒಂದು ಕೈಯಲ್ಲಿ ಕಪ್ಪು ಮುಖವಾಡ, ಇನ್ನೊಂದರಲ್ಲಿ ಅವಳ ಮಗಳ ನೀರಿನ ಬಾಟಲಿ.

“ಬಾಟಲಿ ಮೇಲೆ ‘ಟೈಲರಮ್ಮ’ ಅಂತ ವಿಳಾಸ ಅಂಟಿಸಿದ್ರಿ. ತೊಳೆದು ತಂದಿದೀನಿ.”

ಅಯ್ಯೋ ದೇವರೇ... ಕಾಳರಾಕ್ಷಸ!

ನಿನ್ನೆ ಮಗಳೊಂದಿಗೆ ಟಿಕೆಟ್ ಕೊಂಡು ಕುಸ್ತಿ ನೋಡಲು ಹೋಗಿದ್ದಳು. ಈ ರಾಕ್ಷಸ ಎಲ್ಲರ ಮೆಚ್ಚಿನ ಪೈಲ್ವಾನನ ಕತ್ತು ಹಿಸುಕುವುದನ್ನು ನೋಡಲಾಗದೆ, “ಬಿಡೋ ಪಾಪಿ!” ಎಂದು ತುಂಬಿದ ಬಾಟಲಿಯನ್ನೇ ಬೀಸಿ ಎಸೆದಿದ್ದಳು.

“ಪೊಲೀಸಿಗೆ ಹೇಳ್ತೀರಾ?”

“ಛೆ! ಮುಖವಾಡ ಹರಿದಿದೆ. ಹೊಲಿದು ಕೊಡ್ತೀರಾ?”

ಅಷ್ಟರಲ್ಲಿ ಏಳು ವರ್ಷದ ಮಗಳು ಬ್ರಷ್ ಕಚ್ಚಿಕೊಂಡೇ ಓಡಿ ಬಂದಳು. “ರಾಕ್ಷಸ ಮಾಮಾ! ಪೈಲ್ವಾನ್ ಗುದ್ದಿದಾಗ ಊರಿಗೆಲ್ಲ ಕೇಳೋ ಹಾಗೆ ಕಿರುಚಿದ್ರಿ. ಬಾಟಲಿ ಬಿದ್ದಾಗ ಯಾಕೆ ಸುಮ್ನಿದ್ರಿ?”

“ಅವನ ಗುದ್ದು ನನಗೆ ತಾಗೋದೇ ಇಲ್ಲ ಪುಟ್ಟಿ. ಬಾಟಲಿ ತಾಗ್ತು. ನಿಜವಾಗಿ ನೋವಾದ್ರೆ ನನ್ನ ಬಾಯಿಂದ ಸದ್ದೇ ಬರಲ್ಲ.”

“ಅಂದ್ರೆ ಎಲ್ಲಾ ಸುಳ್ಳಾ?” ಟೈಲರಮ್ಮನ ಹುಬ್ಬು ಗಂಟಿಕ್ಕಿತು.

“ಬೀಳೋದು ನಿಜ ಟೈಲರಮ್ಮ. ಹನ್ನೆರಡು ವರ್ಷದಿಂದ ಬೀಳೋದನ್ನೇ ಕಲೀತಿದೀನಿ. ನಾನು ಸರಿಯಾಗಿ ಬಿದ್ರೇನೇ ಅವನು ಗೆದ್ದ ಹಾಗೆ ಕಾಣೋದು. ಅವನ ಮೈಗೆ ಪೆಟ್ಟಾಗಬಾರದು, ನೋಡೋರ ಎದೆಗೆ ತಾಗಬೇಕು.”

“ನನಗೆ ತಾಗ್ತು,” ಎಂದಳು ಟೈಲರಮ್ಮ ಮೆಲ್ಲಗೆ.

“ನನಗೂ!” ಎಂದು ಅವನು ಹಣೆ ಸವರಿಕೊಂಡ.

ಆಮೇಲೆ ವಾರಕ್ಕೊಮ್ಮೆ ಮುಖವಾಡ ಹರಿಯತೊಡಗಿತು. ಅದೂ ಕತ್ತರಿಯಲ್ಲಿ ಕತ್ತರಿಸಿದಷ್ಟು ನೇರವಾಗಿ! ಕತ್ತರಿ ಹಿಡಿದೇ ಬದುಕುವವಳಿಗೆ ಅಷ್ಟೂ ತಿಳಿಯುವುದಿಲ್ಲವೇ? ನಗು ನುಂಗಿಕೊಂಡು ಹೊಲಿದಳು.

ಅವನು ಗಿಡ್ಡ ಬಾಗಿಲಿಗೆ ತಲೆ ತಗ್ಗಿಸಿ ಬರುತ್ತಿದ್ದ. ಸೂಜಿ ತುಸು ತಾಗಿದರೂ “ಸತ್ತೇ!” ಎಂದು ನೆಲಕ್ಕುರುಳಿ ಪುಟ್ಟಿಯನ್ನು ನಗಿಸುತ್ತಿದ್ದ. ದಾರ ಮುಗಿದರೆ “ಈಗ್ಬಂದೆ” ಎಂದು ಅಂಗಡಿಗೆ ಹೊರಡುತ್ತಿದ್ದ.

ಆ ಮಾತು ಕೇಳಿದಾಗಲೆಲ್ಲ ಪುಟ್ಟಿಯ ನಗು ನಿಲ್ಲುತ್ತಿತ್ತು. ಏನೋ ಕೇಳಲು ಬಾಯಿ ತೆರೆದರೆ ಅಮ್ಮ ಕಣ್ಣಲ್ಲೇ ಗದರುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಪುಟ್ಟಿಯ ಅಪ್ಪನೂ “ಈಗ್ಬಂದೆ” ಎಂದೇ ಹೋಗಿದ್ದ. ಬಂದಿದ್ದು ವಿಚ್ಛೇದನದ ಕಾಗದ ಮಾತ್ರ.

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ರಾಕ್ಷಸ ಬೆವರೊರೆಸಿಕೊಳ್ಳುತ್ತಾ ನಿಂತ.

“ಟೈಲರಮ್ಮ... ನನ್ನನ್ನ ಮದುವೆ ಆಗ್ತೀರಾ?”

ಹೊಲಿಗೆ ಯಂತ್ರ ನಿಂತಿತು. ‘ಹೂಂ’ ಎನ್ನಲು ಮನಸ್ಸು ಹಾತೊರೆಯಿತು. ಆದರೆ ಹಳೆಯ ಭಯವೇ ಮೊದಲು ಮಾತಾಡಿತು...

“ಸುಳ್ಳನ್ನ ನಿಜ ಅಂತ ನಂಬಿಸೋದೇ ನಿಮ್ಮ ಕಸುಬು. ನಂಬಿ ಒಂದ್ಸಲ ಕೆಟ್ಟಿದೀನಿ ರೀ. ಇದು ನಾಟಕ ಅಲ್ಲ ಅಂತ ಹೇಗೆ ತಿಳ್ಕೊಳ್ಳಲಿ?”

ಅವನು ಎದೆ ಬಡಿದುಕೊಳ್ಳಲಿಲ್ಲ, ನೆಲಕ್ಕುರುಳಲಿಲ್ಲ. ತುಟಿ ಅಲುಗಿತು, ಅಷ್ಟೇ. ತಿರುಗಿ ಹೊರಟ. ಇದೇ ಮೊದಲ ಸಲ ತಲೆ ತಗ್ಗಿಸುವುದನ್ನು ಮರೆತ.

ಢಬ್!

ಗೋಡೆಯ ಕ್ಯಾಲೆಂಡರ್ ಉದುರಿತು. ಅವನು ಮಾತ್ರ ತುಟಿಪಿಟಕ್ಕೆನ್ನದೆ ನಡೆದುಬಿಟ್ಟ.

“ಅಮ್ಮಾ!” ಪುಟ್ಟಿ ಸೆರಗು ಜಗ್ಗಿದಳು. “ಮಾಮ ಕಿರುಚಲೇ ಇಲ್ಲ!”

ಟೈಲರಮ್ಮನ ಕಣ್ಣು ತುಂಬಿತು. ತಲೆ ಬಾಗಿಲಿಗೆ ಬಡಿಯುವ ಮೊದಲೇ, ತನ್ನ ಮಾತು ತಾಗಿಯೇ ಅವನ ಮಾತು ನಿಂತಿತ್ತಲ್ಲ... ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದ್ದಂತೆಯೇ ಬೀದಿಗೆ ಓಡಿದಳು. ಹಿಂದೆಯೇ ಪುಟ್ಟಿ.

“ನಿಲ್ರೀ! ನೋವಾಯ್ತಾ?”

“ಏನಿಲ್ಲ,” ಎಂದ, ಕೇಳಿಸದಷ್ಟು ಮೆಲ್ಲಗೆ.

“ಸುಳ್ಳು ಹೇಳೋಕೂ ಬರಲ್ಲ ನಿಮಗೆ! ನಾಳೆ ಬಡಗೀನ ಕರೆಸ್ತೀನಿ. ಬಾಗಿಲು ಎತ್ತರಿಸ್ಬೇಕು.”

“ಯಾಕೆ?”

“ಮನೆ ಯಜಮಾನ ದಿನಾ ತಲೆ ಬಡಿಸಿಕೊಂಡ್ರೆ ನನ್ನಿಂದ ನೋಡೋಕಾಗಲ್ಲ.”

ಸಾವಿರ ಜನರ ಮುಂದೆ ಗರ್ಜಿಸುವವನು ಬಾಯಿ ತೆರೆದ... ಸದ್ದೇ ಬರಲಿಲ್ಲ! ಕಣ್ಣೀರು ಮಾತ್ರ ಬಂತು. ಟೈಲರಮ್ಮನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅಳತೆ ಟೇಪಿನ ತುದಿಯಿಂದಲೇ ಅವನ ಕೆನ್ನೆ ಒರೆಸಿದಳು.

ಆದರೆ ಪುಟ್ಟಿ ಅಷ್ಟು ಸುಲಭದವಳಲ್ಲ. ಅವನ ದಪ್ಪ ಬೆರಳನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಅಮ್ಮನ ಕಡೆ ನೋಡಿದಳು. ಈ ಸಲ ಅಮ್ಮ ಗದರಲಿಲ್ಲ.

“ಮಾಮಾ... ನೀವು ‘ಈಗ್ಬಂದೆ’ ಅಂತ ಹೋದ್ರೆ, ಯಾವಾಗ್ಲೂ ವಾಪಸ್ ಬರ್ತೀರಾ?”