ನೋಡದೆ ಎಸೆದವನು

"ಕೈ ಎತ್ರಿ."

"ನಾ ಏನ್ ಕದ್ದೀನ್ರಿ?"

ಶಾಂಭವಿ ತಲೆಯೆತ್ತಿದಳು. ವೆಸ್ಟ್‌ಮೀಡ್‌ನ ಈ ಫಿಸಿಯೋ ಕ್ಲಿನಿಕ್‌ನಲ್ಲಿ ಅವಳ ಧಾರವಾಡದ ಮಾತನ್ನು ಇಷ್ಟು ಕೆಟ್ಟದಾಗಿ ಅಣಕಿಸಿದವರು ಯಾರೂ ಇರಲಿಲ್ಲ! ಹೆಸರು ನೋಡಿ ಕನ್ನಡದಲ್ಲಿ ಮಾತಾಡಿಸಿದ್ದೇ ತಪ್ಪಾಯಿತೇನೋ. ಬೆಳಗಿನಿಂದ ಪೇಷಂಟ್‌ಗಳ ಸೊಂಟ, ಮೊಣಕಾಲು ತಿಕ್ಕಿ ಸೋತವಳಿಗೆ ನಗಲೂ ತ್ರಾಣವಿರಲಿಲ್ಲ... ಆದರೂ ನಗು ಬಂತು.

ಅವನು ಸುಮುಖ. ಮೆಲ್ಬರ್ನ್ ಹುಡುಗ, ಕೆನಡಾ ಫುಟ್‌ಬಾಲ್‌ನ ಸ್ಟಾರ್ ಕ್ವಾರ್ಟರ್‌ಬ್ಯಾಕ್. ಭುಜದ ಆಪರೇಷನ್ ಮಾಡಿಸಿಕೊಂಡು ಇಲ್ಲೇ ಹತ್ತಿರದ ಕ್ವೇಕರ್ಸ್ ಹಿಲ್‌ನಲ್ಲಿ ಅಕ್ಕ ಪ್ರಣತಿಯ ಮನೆಯಲ್ಲಿದ್ದ.

"ಫುಟ್‌ಬಾಲ್ ಕಾಲಿಲೆ ಆಡ್ತಾರಲ್ರಿ? ಭುಜ ಹೆಂಗ ಹೋತು?"

"ನಮ್ಮಾಟದಲ್ಲಿ ಚೆಂಡನ್ನ ಕೈಯಲ್ಲಿ ಎಸೀಬೇಕು. ಎಸೆಯೋನು ನಾನು. ಅಷ್ಟರಲ್ಲಿ ನಾಲ್ಕು ಗೂಳಿಗಳು ಬಂದು ಮೇಲೆ ಬೀಳ್ತವೆ. ವರ್ಷಗಟ್ಟಲೆ ಬಿದ್ದೂ ಬಿದ್ದೂ... ಕೊನೆಗೆ ಕೈಯೇ ಕೈಕೊಡ್ತು!"

ವಾರಗಳು ಕಳೆದವು. ಕೋಚ್‌ನ ಗುಡುಗು, ಡಾಕ್ಟರ ಗೊಣಗು ಎಲ್ಲವನ್ನೂ ಅಣಕಿಸಿ ಅವಳನ್ನು ನಗಿಸುತ್ತಿದ್ದ. ಕಣ್ಣು ಮಾತ್ರ ಯಾವಾಗಲೂ ರಿಸೆಪ್ಷನ್‌ನ ಅನನ್ಯಾಳ ಮೇಲೆ!

'ಇವನ ಪಾಲಿಗೆ ನಾನು ಬರೀ ಭುಜ ತಿಕ್ಕುವವಳು...'

ಚಿಕಿತ್ಸೆಯ ಕೊನೆಯ ದಿನ ಅನನ್ಯಾಳತ್ತ ನೋಡುತ್ತಲೇ ಕೇಳಿದ. "ಟೀಮ್ ಕರೀತಿದೆ. ಇನ್ನೊಂದು ಸೀಸನ್. ಹೋಗ್ಲಾ?"

"ಮತ್ತ ಪೆಟ್ಟಾದ್ರ ಈ ಕೈಲೆ ತಲಿ ಬಾಚ್ಕೊಳ್ಳಾಕೂ ಆಗೂದಿಲ್ಲ. ಮುಂದ ನಿಮ್ಮಿಷ್ಟ."

"ಅಷ್ಟೇನಾ?"

"ಅಷ್ಟ."

ಅವನು ಮೆಲ್ಬರ್ನ್‌ಗೆ ಹೊರಟುಹೋದ.

ಎರಡು ದಿನದ ನಂತರ ಪ್ರಣತಿ ಸ್ವೀಟ್ ಬಾಕ್ಸ್ ಹಿಡಿದು ಕ್ಲಿನಿಕ್‌ಗೆ ಬಂದಳು. "ಅವನು ನಿಂಗೆ ಏನೂ ಹೇಳ್ಲಿಲ್ವಾ? ಮನೇಲಿ ಮೂರು ಹೊತ್ತೂ ನಿನ್ನದೇ ಮಿಮಿಕ್ರಿ!"

"ನನ್ನ ಕಡೆ ಒಮ್ಮೆನೂ ನೋಡ್ಲಿಲ್ಲಕ್ಕಾ. ಬರೇ ಅನನ್ಯಾನ್ನ..."

ಪ್ರಣತಿ ಹಣೆ ಚಚ್ಚಿಕೊಂಡು, ಫೋನಿನಲ್ಲಿ ಹಳೆಯ ಮ್ಯಾಚ್ ತೋರಿಸಿದಳು. ಸುಮುಖ ಎಡಕ್ಕೆ ನೋಡಿದ. ಎದುರಾಳಿಗಳೆಲ್ಲ ಎಡಕ್ಕೆ ಓಡಿದರು. ಚೆಂಡು ಬಲಕ್ಕೆ ಹಾರಿತು!

"ಎಸೆಯೋ ಕಡೆ ನೋಡಿದ್ರೆ ಎದುರಾಳಿಗಳು ಕಿತ್ಕೊಳ್ತಾರೆ. ಅದೇ ಚಟವಾಗಿದೆ. ಅಮ್ಮನ ಹತ್ರ ದೋಸೆ ಕೇಳುವಾಗ್ಲೂ ಫ್ರಿಜ್ ನೋಡ್ತಾನೆ, ಮುಂಡೇದು!"

ಶನಿವಾರ ಶಾಂಭವಿ ಪ್ರಣತಿ ಕೊಟ್ಟ ವಿಳಾಸ ಹಿಡಿದು ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿದ್ದಳು. ಅವನು ಮನೆಯ ಮುಂದಿನ ಮೆಟ್ಟಿಲ ಮೇಲೆ ಮಂಕಾಗಿ ಕುಳಿತಿದ್ದ.

"ಕೆನಡಾ?"

"ಬರಲ್ಲ ಅಂದ್ಬಿಟ್ಟೆ."

"ನನ್ನ ಸಲುವಾಗೇನ್ರಿ?"

"ಇಲ್ಲ, ಭುಜದ ಸಲುವಾಗಿ. ನಿಮಗೋಸ್ಕರ ಅಂದ್ರೆ ಮುಂದೆ ಪ್ರತಿ ಜಗಳದಲ್ಲೂ ಅದನ್ನೇ ಎತ್ತಾಡ್ತೀನಿ."

"ಮುಂದ ಜಗಳಾನೂ ಅದಾವೇನು?"

"ಇರ್ಲಿ ಅಂತ ಆಸೆ... ನೀವಂದ್ರೆ ನಂಗೆ ತುಂಬಾ ಇಷ್ಟ, ಶಾಂಭವಿ." ಹೇಳಿದ್ದು ಗೇಟಿನ ಕಡೆ ನೋಡಿ!

ಈ ಸಲ ಅವಳಿಗೆ ಅರ್ಥವಾಯಿತು. ಪಕ್ಕದಲ್ಲಿ ಕುಳಿತಳು.

"ಸುಸ್ತಾಗಿದೆ ಕಣ್ರೀ... ಇನ್ನು ನಾನು ಸ್ಟಾರ್ ಅಲ್ಲ, ಏನೂ ಅಲ್ಲ. ಬರೀ ಸುಮುಖ."

ಅವಳು ಅವನ ನೋಯದ ಭುಜಕ್ಕೆ ಮೆಲ್ಲನೆ ಒರಗಿದಳು.

"ನನಗ ಗೊತ್ತಿರೋದೂ ಅವನೊಬ್ಬನ."