ತಲೆಕೆಳಗಾದ ಉತ್ತರ

ಮಾನ್ಯ ವಾಚಕ ಮಹಾಶಯರೇ, ನಾಲ್ಕು ಗೋಡೆಗಳ ನಡುವೆ ಕುಳಿತು ಓದಲುದ್ಯುಕ್ತರಾಗಿರುವ ತಾವು, ಗೋಡೆಯೆಂಬುದು ಸದಾ ಕಾಪಾಡುತ್ತದೆಂಬ ನಂಬಿಕೆಯನ್ನು ಕ್ಷಣಕಾಲ ಬದಿಗಿರಿಸಬೇಕಾಗಿ ವಿನಂತಿ.

ವಾಸ್ತುಶಿಲ್ಪ ಕಾಲೇಜಿಗೂ ಆ ಊರಿಗೂ ಆಕೆ ಹೊಸ ಉಪನ್ಯಾಸಕಿ. ಮೊದಲ ವರ್ಷದ ಮಕ್ಕಳಿಗಾಗಿ ಕಪ್ಪುಹಲಗೆಯ ಮೇಲೆ ಕಾಲೇಜಿನ ಅಂಗಳದಲ್ಲಿ ಕಟ್ಟಬೇಕಾದ ಗೂಡೊಂದರ ನಕ್ಷೆ ಬರೆದು, ಮೂಲೆಯಲ್ಲಿ ದಿಕ್ಕಿನ ಬಾಣ ಹಾಕಿ, ಕೆಳಗೆ ಹೀಗೆ ಬರೆದಿದ್ದಳು: ‘ಆವರಣವೆಂದರೇನು? ಪರಿಸರದಿಂದ ಮನುಷ್ಯ ಬೇಡಿ ಪಡೆದ ತುಂಡು ಜಾಗ.’

ಬಾಗಿಲಲ್ಲಿ ಇನ್ನೊಬ್ಬ ಉಪನ್ಯಾಸಕ ನಿಂತಿದ್ದ. ಮಾತು ಕಡಿಮೆ; ಮಕ್ಕಳು ಇಟ್ಟ ಹೆಸರು ಗೋಡೆ ಸರ್. ಅವನ ನೋಟ ಹಲಗೆಯಿಂದ ಅವಳತ್ತ ಹೊರಳಿತು. ಅವಳ ಎದೆ ಹಾರಿತು...

“ಮೇಡಂ, ಉತ್ತರ ತಪ್ಪಾಗಿದೆ.”

ಪರೀಕ್ಷೆ ನಡೆಸಲು ಪರವೂರಿಗೆ ಹೋಗುವ ಬಸ್ಸಿನ ಅವಸರ ಅವನಿಗೆ. ಅಷ್ಟೇ ಹೇಳಿ ಹೊರಟುಹೋದ.

ಹಿಂದಿನ ಬೆಂಚು ಪಿಸುಗುಟ್ಟಿತು: “ಗೋಡೆಗೂ ಬಾಯಿ ಬಂತಲ್ಲೋ. ಬಂದಿದ್ದೇ ತಡ, ಮೇಡಂಗೆ ಮಾರ್ಕ್ಸ್ ಕಟ್.”

ಎಂಥ ಸೊಕ್ಕು... ನಾನು ಬರೆದದ್ದರಲ್ಲಿ ಏನು ತಪ್ಪು? ಮುಖ ಕೆಂಪೇರಿ, ಅವಳು ಆ ವಾಕ್ಯವನ್ನು ಅಳಿಸಿದಳು. ನಕ್ಷೆಯನ್ನು ಹಾಗೆಯೇ ಬಿಟ್ಟಳು.

ಅದರಂತೆ ಮಕ್ಕಳು ಅಂಗಳದಲ್ಲಿ ಬಿದಿರಿಗೆ ಕ್ಯಾನ್ವಾಸ್ ಬಿಗಿದು ಗೂಡು ಕಟ್ಟಿದರು. ವಾರವಿಡೀ ಮೋಡ, ಸೂರ್ಯ ಯಾವ ಕಡೆಯಿದ್ದಾನೆಂದೇ ತಿಳಿಯುತ್ತಿರಲಿಲ್ಲ. ಗೂಡಿನ ಬಾಯಿ ಪೂರ್ವಕ್ಕಿದೆಯೆಂದು ಅವಳು ನಂಬಿದ್ದಳು. ಅದು ಗಾಳಿ ಬರುವ ಪಶ್ಚಿಮಕ್ಕೆ ಬಾಯ್ದೆರೆದು ಕಾದಿತ್ತು.

ಅವಳು ಒಳಗೆ ಗಂಟು ಬಿಗಿಯುತ್ತಿದ್ದಾಗ ಬಿದಿರು ನರಳಿತು. ಗಾಳಿ ಒಳನುಗ್ಗಿ ಬಟ್ಟೆ ಉಬ್ಬಿತು. ಬಾಯಿಯ ಮೇಲಿನ ಗಳ ಮುರಿದು ದಾರಿಗಡ್ಡ ಬಿತ್ತು.

“ಹಿಂದಿನ ಬಟ್ಟೆಯಿಂದ ದೂರ ಸರೀರಿ!”

ಪರೀಕ್ಷೆ ಮುಗಿಸಿ ಆಗಷ್ಟೇ ಬಸ್ಸಿಳಿದು ಬಂದಿದ್ದ ಅವನ ಚಾಕು ಕ್ಯಾನ್ವಾಸನ್ನು ಮೇಲಿಂದ ಕೆಳಕ್ಕೆ ಸೀಳಿತು. ಆ ಸೀಳಿನಿಂದಲೇ ಅವಳನ್ನು ಹೊರಗೆಳೆದುಕೊಂಡ. ಬೆನ್ನ ಹಿಂದೆ ಗೂಡು ಕುಸಿಯಿತು.

“ಹೇಳಿದ್ನಲ್ಲ ಮೇಡಂ... ಬಾಣ ತಲೆಕೆಳಗಿತ್ತು. ಉತ್ತರ ದಿಕ್ಕು.”

“ದಿಕ್ಕಾ?” ಅವಳು ಅವನ ಅಂಗಿಯ ತೋಳನ್ನು ಹಿಡಿದುಕೊಂಡಳು. “ನಾನು ಬರೆದ ಉತ್ತರ ಅಂದ್ಕೊಂಡು ವಾರಪೂರ್ತಿ ನಿಮ್ಮನ್ನ ಬೈಕೊಂಡೆ.”

“ಆ ಉತ್ತರ ಚೆನ್ನಾಗಿತ್ತು. ದಾರಿಯುದ್ದಕ್ಕೂ ಅದೇ ನೆನಪು... ಬರೆದವರದೂ.”

“ಇನ್ಮೇಲಾದ್ರೂ ಪೂರ್ತಿ ಮಾತಾಡಿ. ನಿಮ್ಮ ಅರ್ಧ ಮಾತಿಗೆ ನನ್ನ ಜೀವ ಹೋಗ್ತಿತ್ತು.”

“ಒಟ್ಟಿಗೆ ಬಾಳೋ ಆಸೆ ಇದೆ. ಪೂರ್ತಿ ಆಯ್ತಾ?”

“ಯಾರಿಗೆ ಅನ್ನೋದೇ ಇಲ್ವಲ್ಲ.”

“ನನಗೆ.”

ಅವನ ಅಂಗಿಯ ತೋಳನ್ನು ಅವಳಿನ್ನೂ ಬಿಟ್ಟಿರಲಿಲ್ಲ. “‘ನಮಗೆ’ ಅಂತ ತಿದ್ಕೊಳ್ಳಿ.”

ಮತ್ತೊಂದು ಗಾಳಿ ಏಳುತ್ತಿದೆ, ವಾಚಕರೇ. ಊರೂರು ಅಲೆಯುವ ಕಥೆಗಾರ ನಾನು, ಗೋಡೆಯನ್ನು ನಂಬಿ ಕೂರದೆ ಹಾಸಿಗೆ ಸುತ್ತಿ ಕಟ್ಟಿದ್ದೇನೆ. ದಾರಿ ಕಾಣುವಷ್ಟು ಬೆಳಕಿರುವಾಗಲೇ ಹೊರಡುತ್ತೇನೆ.