ಕಿಟಕಿಯ ಪಕ್ಕದ ಬೋರ್ಡು

"ಬಂದ್ಳೇನೇ?" ಒಳಗಿನಿಂದ ಅಜ್ಜಿ ಕೇಳಿದರು.

"ಇನ್ನೂ ಇಲ್ಲ ಅಜ್ಜೀ! ಎಷ್ಟು ಸಲ ಕೇಳ್ತೀಯಾ?" ಕಿಟಕಿಯ ಹತ್ತಿರ ಕೂತಿದ್ದ ಮಲ್ಲಿ ಕೂಗಿದಳು. ಅವಳ ಹೆಸರು ಬೇರೆಯೇ ಇತ್ತು. ಮಾತಿನಮಲ್ಲಿ ಅನ್ನುವುದು ಸವೆದು ಸವೆದು ಮಲ್ಲಿ ಆಗಿತ್ತು.

ಅಜ್ಜಿಯ ಬಾಲ್ಯದ ಗೆಳತಿ ಮೊದಲ ಸಲ ಈ ಮನೆಗೆ ಬರುವವರಿದ್ದರು. ಸಂಜೆಯ ಬಸ್ಸಿಗೆ ವಾಪಸು. ಅವರ ಫೋನು ಬೇರೆ ಸ್ವಿಚ್ ಆಫ್. ಅಜ್ಜಿ ಬೆಳಗ್ಗೆಯಿಂದ ಒಂದು ಕಡೆ ಕೂತಿರಲಿಲ್ಲ.

ಮಲ್ಲಿಯ ಮನೆ ಮೂರು ರಸ್ತೆ ಕೂಡುವ ಮೂಲೆಯಲ್ಲಿತ್ತು. ದಾರಿ ಗೊತ್ತಿಲ್ಲದವರೆಲ್ಲ ಅವಳ ಕಿಟಕಿಗೇ ಬರುತ್ತಿದ್ದರು. "ಪಾಪೂ, ಪೋಸ್ಟ್ ಆಫೀಸ್ ಎಲ್ಲಿ?" "ಈ ನಂಬರಿನ ಮನೆ ಯಾವ್ದು?" ಹೋಮ್‌ವರ್ಕ್‌ಗೆ ಕೂತರೆ ತಲೆ ಚಿಟ್ಟು ಹಿಡಿಯುತ್ತಿತ್ತು. ಅದಕ್ಕೇ ಹೋದ ವಾರ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಹೊರಗೋಡೆಗೆ ನೇತುಹಾಕಿದ್ದಳು: 'ಇಲ್ಲಿ ದಾರಿ ಕೇಳಬೇಡಿ. ಫೋನ್ ನೋಡಿಕೊಳ್ಳಿ.'

ಆಮೇಲೆ ನರಪಿಳ್ಳೆಯೂ ಕೇಳಿರಲಿಲ್ಲ. ಮಲ್ಲಿ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದಳು. ಮಂಡಿನೋವಿನಿಂದ ಹೊರಗೆ ಹೋಗದ ಅಜ್ಜಿಗೆ ಇದು ಗೊತ್ತೇ ಇರಲಿಲ್ಲ.

ಅಷ್ಟರಲ್ಲಿ ಒಬ್ಬ ಮುದುಕಿ ಕಿಟಕಿಯ ಮುಂದೆ ಬಂದು ನಿಂತರು. ಏನೋ ಕೇಳಲು ಬಾಯಿ ತೆರೆದರು. ಬೋರ್ಡು ಓದಿ ಬಾಯಿ ಮುಚ್ಚಿಕೊಂಡು ಹೊರಟುಬಿಟ್ಟರು.

ಮಲ್ಲಿ ದಡಕ್ಕನೆ ಎದ್ದಳು. ಅಯ್ಯೋ, ಇವರೇ ಅಜ್ಜಿಯ ಗೆಳತಿ ಆಗಿದ್ದರೆ? ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದಳು.

"ನೀವು ನಮ್ಮಜ್ಜಿ ಫ್ರೆಂಡಾ?"

"ಅಲ್ಲಮ್ಮ. ಹಲ್ಲಿನ ಡಾಕ್ಟರ್ ಹತ್ರ ಹೋಗ್ಬೇಕಿತ್ತು. ಬೋರ್ಡು ನೋಡಿ ಕೇಳೋಕೆ ಮುಜುಗರ ಆಯ್ತು." ಅವರ ಒಂದು ಕೆನ್ನೆ ಊದಿಕೊಂಡಿತ್ತು. ಮಾತಾಡುವಾಗಲೂ ನೋವು ತಿನ್ನುತ್ತಿದ್ದರು.

ಸದ್ಯ, ಇವರಲ್ಲ! ವಾಪಸು ಹೋಗಬಹುದಿತ್ತು. ಆದರೆ ಆ ಕೆನ್ನೆ ನೋಡಿ ಮಲ್ಲಿಗೆ ಪಾಪ ಅನ್ನಿಸಿತು.

"ಆ ಕಡೆ ಅಲ್ಲ, ಈ ಕಡೆ. ಬನ್ನಿ, ನಾನೇ ಬರ್ತೀನಿ."

ಕ್ಲಿನಿಕ್ಕಿನ ಬಾಗಿಲವರೆಗೂ ಅವರ ಕೈಹಿಡಿದು ನಿಧಾನವಾಗಿ ಹೋದಳು.

ಮನೆಗೆ ಬಂದರೆ ಒಳಗೆ ನಗುವೋ ನಗು. ಅಜ್ಜಿಯ ಪಕ್ಕದಲ್ಲಿ ದುಂಡು ಮುಖದ ಇನ್ನೊಬ್ಬ ಅಜ್ಜಿ!

"ನಿಮ್ಮನೆ ಮುಂದೇನೇ ನಿಂತಿದ್ದೆ ಕಣೇ, ಕಿಟಕೀಲಿ ಯಾರೂ ಇರ್ಲಿಲ್ಲ," ಅವರು ಹೇಳುತ್ತಿದ್ದರು. "ಅದೇನೋ ಬೋರ್ಡು ಇತ್ತು. ದಾರಿ ಕೇಳಬೇಡಿ ಅನ್ನೋ ಮನೆ ನಮ್ಮವಳದ್ದಾಗಿರೋಕೆ ಸಾಧ್ಯವೇ ಇಲ್ಲ ಅಂದ್ಕೊಂಡು ಮುಂದೆ ಹೋದೆ. ಯಾರೋ ಪುಣ್ಯಾತ್ಮ ಸೈಕಲ್ ಇಳಿದು, ತಳ್ಳಿಕೊಂಡೇ ಇಲ್ಲೀತನಕ ಬಂದು ಬಿಟ್ಟುಹೋದ!"

ಅಜ್ಜಿ ಮಲ್ಲಿಯ ಕಡೆ ನೋಡಿದರು. ಮಲ್ಲಿಯ ಕಿವಿ ಬಿಸಿಯಾಯಿತು.

ಸದ್ದಿಲ್ಲದೆ ಹೊರಗೆ ಹೋಗಿ ಬೋರ್ಡು ಇಳಿಸಿದಳು. ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತಿರುಗುವಾಗ, ದೊಡ್ಡ ಪಾರ್ಸೆಲ್ ಹೊತ್ತ ಒಬ್ಬ ಮೂರೂ ರಸ್ತೆಗಳನ್ನು ನೋಡುತ್ತ ನಿಂತಿದ್ದ.

"ಅಂಕಲ್," ಅವನು ಕೇಳುವ ಮೊದಲೇ ಮಲ್ಲಿ ಕೂಗಿದಳು, "ಎಲ್ಲಿಗೆ ಹೋಗ್ಬೇಕು?"